ಊರು ನುಂಗಿದ ರಾಜಧಾನಿ

ಹುಮನಾಬಾದು, ಜಹೀರಾಬಾದು, ಸದಾಶಿವಪೇಟೆ ದಾಟಿ ಬರುವ ನಮ್ಮ ಕಡೆಯ ಬಸ್ಸುಗಳಿಗೆ ಹೈದರಾಬಾದು ಶುರುವಾಗುವುದು ಪಟಾನ್‌ಚೆರುವಿನಲ್ಲಿ. ಅಲ್ಲಿಯತನಕ ಕಿಟಕಿಯಾಚೆ ಕರಿನೆಲ, ಕೆಂಪು ನೆಲ, ಹತ್ತಿ, ತೊಗರಿ, ನಡುನಡುವೆ ಯಾವುದೋ ಕಾಲೇಜಿನ ಭಾರೀ ಕಮಾನು. ಇಸ್ನಾಪುರ ಬಂತೆಂದರೆ ಲಾರಿಗಳ ಸಾಲು ದಟ್ಟವಾಗುತ್ತದೆ. ಮುತ್ತಂಗಿಯಲ್ಲಿ ಹೊರವರ್ತುಲ ರಸ್ತೆಯ ಮೇಲ್ಸೇತುವೆ ಹೆದ್ದಾರಿಯ ಮೇಲೆ ಅಡ್ಡಬೀಳುತ್ತದೆ. ಗಾಳಿಯಲ್ಲಿ ಔಷಧದ ಅಂಗಡಿ ಹೊಕ್ಕಂಥ ಒಗರು ವಾಸನೆ. ಬಸ್ಸಿನೊಳಗೆ ನಿದ್ದೆ ಹೋದವರು ಏಳುತ್ತಾರೆ, ಸೀಟಿನ ಕೆಳಗಿನ ಚೀಲ ತಡಕುತ್ತಾರೆ, ಫೋನಿನಲ್ಲಿ ‘ಪಟಾನ್‌ಚೆರು ಬಂತು, ಇನ್ನೊಂದು ತಾಸು’ ಎನ್ನುತ್ತಾರೆ. ಲಿಂಗಂಪಲ್ಲಿ, ಮಿಯಾಪುರದ ಕಡೆ ಹೋಗುವವರು ಇಳಿದು ಶೇರ್ ಆಟೋಗಳಿಗೆ ನುಗ್ಗುತ್ತಾರೆ. ಪಟಾನ್‌ಚೆರುವನ್ನೇ ನೋಡಲೆಂದು ಇಳಿಯುವವರು ಯಾರೂ ಇರುವುದಿಲ್ಲ.

ಆದರೆ ಕಲ್ಯಾಣ ಕಲ್ಯಾಣವಾಗುವ ಮೊದಲು ಕನ್ನಡದ ಒಂದು ಸಾಮ್ರಾಜ್ಯ ತನ್ನ ಗದ್ದುಗೆಯನ್ನು ಹಾಕಿಕೊಂಡಿದ್ದ ಜಾಗಗಳಲ್ಲಿ ಇದೂ ಒಂದು. ಶಾಸನಗಳು ಇದನ್ನು ಪೊಟ್ಟಲಕೆರೆ ಎನ್ನುತ್ತವೆ. ರಾಷ್ಟ್ರಕೂಟರಿಂದ ಅಧಿಕಾರ ಕಿತ್ತುಕೊಂಡ ಚಾಲುಕ್ಯ ತೈಲಪನ ವಂಶದವರು ಮೊದಮೊದಲು ಹಳೆಯ ಮಾನ್ಯಖೇಟದಿಂದಲೇ, ಅಂದರೆ ಇಂದಿನ ಮಳಖೇಡದಿಂದಲೇ ಆಳಿದರು. ಮುಂದೆ ಒಂದನೆಯ ಸೋಮೇಶ್ವರ ಕಲ್ಯಾಣವನ್ನು, ಇಂದಿನ ಬಸವಕಲ್ಯಾಣವನ್ನು, ಕಟ್ಟಿ ಬೆಳೆಸಿದ. ಆ ಎರಡರ ನಡುವಿನ ಕಾಲ ಸೋಮೇಶ್ವರನ ತಂದೆ, ಜಗದೇಕಮಲ್ಲ ಎಂಬ ಬಿರುದಿನ ಇಮ್ಮಡಿ ಜಯಸಿಂಹನದು. ಸುಮಾರು 1015ರಿಂದ 1042ರವರೆಗೆ. ಅವನ ಶಾಸನಗಳು ಪೊಟ್ಟಲಕೆರೆಯನ್ನು ನೆಲೆವೀಡು ಎಂದು ಕರೆಯುತ್ತವೆ. ಅರಸ ಅಲ್ಲಿ ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿದ್ದನೆಂಬುದು ಶಾಸನಕವಿಗಳ ಸವೆದ ಒಕ್ಕಣೆ; ನಂಬಬೇಕಾಗಿಲ್ಲ. ಅವನಿಗೆ ವಿನೋದಕ್ಕೆ ಬಿಡುವೆಲ್ಲಿತ್ತು? ದಕ್ಷಿಣದಿಂದ ರಾಜೇಂದ್ರ ಚೋಳ ಮೇಲೇರಿ ಬಂದ, ಮಸ್ಕಿಯ ಹತ್ತಿರ ಇಬ್ಬರ ಸೈನ್ಯಗಳೂ ಕೈಕೈ ಮಿಲಾಯಿಸಿದವು. ಉತ್ತರದಲ್ಲಿ ಮಾಳವದ ಭೋಜ ಸುಮ್ಮನಿರಲಿಲ್ಲ. ಮನೆಯೊಳಗಿನ ಬಲವೆಂದರೆ ಅಕ್ಕ ಅಕ್ಕಾದೇವಿ. ಕಿಸುಕಾಡನ್ನು ಆಳಿದವಳು, ಗೋಕಾಕದ ಕೋಟೆಗೆ ತಾನೇ ಮುತ್ತಿಗೆ ಹಾಕಿಸಿದವಳು.

ಈ ಅರಸನ ಸಂಧಿವಿಗ್ರಹಿಯಾಗಿದ್ದವನು ದುರ್ಗಸಿಂಹ. 1031ರಲ್ಲಿ ಅವನು ಮುಗಿಸಿದ ಪಂಚತಂತ್ರ ನಮ್ಮ ಶಾಲೆ ಕಾಲೇಜುಗಳಲ್ಲಿ ಹಳಗನ್ನಡದ ಪಾಠವಾಗಿ ಬಂದಿದೆ. ಯುದ್ಧ ಮತ್ತು ಒಪ್ಪಂದದ ಕಡತ ನೋಡುವ ಅಧಿಕಾರಿ ನರಿ, ಸಿಂಹ, ಎತ್ತುಗಳ ರಾಜಕಾರಣ ಬರೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವನಿಗೆ ಅದು ದಿನದ ಕಚೇರಿ ಕೆಲಸ. ಅರಸನ ನೆಲೆವೀಡು ಎಲ್ಲಿದ್ದರೆ ಅಧಿಕಾರಿಗಳ ಗಂಟುಮೂಟೆಯೂ ಅಲ್ಲಿಗೇ. ಪೊಟ್ಟಲಕೆರೆಯ ದಾರಿ ದುರ್ಗಸಿಂಹನ ಕುದುರೆಗೆ ಗೊತ್ತಿತ್ತು ಎಂದುಕೊಳ್ಳುವುದರಲ್ಲಿ ನನಗೆ ಒಂದು ಖುಷಿ ಇದೆ.

ಇಷ್ಟನ್ನು ತಲೆಯಲ್ಲಿ ಹೊತ್ತು ಪಟಾನ್‌ಚೆರುವಿನಲ್ಲಿ ಇಳಿದರೆ ಕಣ್ಣಿಗೆ ಬೀಳುವುದು ಟೈರ್ ಪಂಕ್ಚರ್ ಅಂಗಡಿ, ಕಬ್ಬಿಣ ಸಿಮೆಂಟಿನ ಗೋದಾಮು, ಬಂಗಾರ ಅಡವಿಡುವ ಕಂಪನಿಗಳ ಹಳದಿ ಬೋರ್ಡು, ಹಿಂದಿ ಮಾತನಾಡುವ ಹುಡುಗರಿಗಾಗಿ ತೆರೆದ ಲಿಟ್ಟಿ ಚೋಖಾದ ಗಾಡಿ. ಪಾಳಿ ಮುಗಿಸಿದ ಕಾರ್ಮಿಕರು ತಲೆಗೆ ಟವೆಲ್ಲು ಸುತ್ತಿ ರಸ್ತೆ ದಾಟುತ್ತಾರೆ. ಒಳಗಿನ ಓಣಿಗಳಲ್ಲಿ ಹಳೆಯ ಹಳ್ಳಿ ಇನ್ನೂ ಅಲ್ಲಲ್ಲಿ ಉಸಿರಾಡುತ್ತದೆ: ಬೇವಿನ ಮರ, ಕಟ್ಟೆ, ಕಟ್ಟೆಯ ಮೇಲೆ ಮುದುಕರು, ಅರಿಸಿನ ಕುಂಕುಮ ಮೆತ್ತಿದ ಕಲ್ಲು. ಊರಿಗೆ ಹತ್ತಿಕೊಂಡೇ ಸಾಕಿ ಚೆರುವು. ಒಂದು ದಡದಲ್ಲಿ ಬಟ್ಟೆ ಒಗೆಯುವ ಸದ್ದು, ಇನ್ನೊಂದು ದಡದಲ್ಲಿ ಅಪಾರ್ಟ್‌ಮೆಂಟುಗಳು ನೀರಿಗೇ ಕಾಲು ಚಾಚಿವೆ. ಜಯಸಿಂಹ ನೋಡಿದ ಕೆರೆ ಇದೇ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಆದರೆ ಕೆರೆಯ ಹೆಸರನ್ನೇ ಹೊತ್ತ ರಾಜಧಾನಿ ಹುಡುಕುವವನು ಮೊದಲು ನೀರಿನ ಹತ್ತಿರವೇ ನಿಲ್ಲಬೇಕಲ್ಲ.

ಬಸ್ ನಿಲ್ದಾಣದ ಎದುರಿನ ಚಹಾ ಹೋಟೆಲಿನಲ್ಲಿ ಒಬ್ಬ ವಾಚ್‌ಮನ್ ಸಿಕ್ಕರು. ನನ್ನ ಮಾತಿನ ಧಾಟಿ ಗುರುತಿಸಿ ಅವರೇ ಕೇಳಿದರು.

‘ಯಾವ್ ಕಡಿಯವ್ರಿ ಸರ್ ನೀವು?’

‘ಬೀದರ್ ಕಡಿಯಾವ್ರಿ ಕಾಕಾ.’

‘ನಮ್ದೂ ನ್ಯಾಲ್ಕಲ್ ಬಾಜೂ ಹಳ್ಳಿ. ಮನ್ಯಾಗ ಕನ್ನಡನೇ. ಇಲ್ಲೇನ್ ಅದರಿ ನೋಡ್ಲಾಕ? ಫ್ಯಾಕ್ಟ್ರಿ ನೋಡ್ತೀರೇನು?’

ಇಲ್ಲೊಬ್ಬ ರಾಜ ಇದ್ದ ಎಂದೆ. ‘ನಿಜಾಮನಾ?’ ಎಂದರು. ನಿಜಾಮನಿಗಿಂತ ಏಳುನೂರು ವರ್ಷ ಹಿಂದಿನವನು ಎಂದಾಗ ಅವರು ಬಸಿಯಲ್ಲಿನ ಚಹಾ ಮುಗಿಸಿ ನಕ್ಕರು. ‘ಅಷ್ಟು ಹಳೇದಿದ್ರ ನೆಲದಾಗ ಇರ್ತದ ತಗೋರಿ. ಪಾಯಾ ತೋಡಿದಲ್ಲೆಲ್ಲ ಕಲ್ಲು ಬರ್ತಾವ. ಕಲ್ಲು ಬಂದ್ರ ಮತ್ತ ಪಾಯಾಕ್ಕೇ ಹಾಕ್ತಾರ.’

1956ಕ್ಕೆ ಮೊದಲು ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಭಾಷಾವಾರು ಗೆರೆ ಎಳೆದಾಗ ಮೇದಕ್ ಜಿಲ್ಲೆಗೆ ಹೋದವು, ಈಗ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಕಾಕಾ ತಾವಿದ್ದಲ್ಲೇ ಇದ್ದಾರೆ, ಜಿಲ್ಲೆ ಅವರನ್ನು ಬಿಟ್ಟು ಹೋಗಿದೆ. ಅದಿರಲಿ, ಪಟಾನ್‌ಚೆರುವಿನ ಪುರಾತತ್ತ್ವದ ಬಗ್ಗೆ ಅವರು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಸಾವಿರ ವರ್ಷ ಜನ ಬಿಡದೆ ಬಾಳಿದ ಊರು ಇದು. ಬಸದಿಯ ಕಂಬ ಗುಡಿಯ ಮೆಟ್ಟಿಲಾಗುತ್ತದೆ, ಗುಡಿಯ ಮೆಟ್ಟಿಲು ಮನೆಯ ಹೊಸ್ತಿಲಾಗುತ್ತದೆ, ಹೊಸ್ತಿಲು ಕಾಂಪೌಂಡಿನ ಬುನಾದಿಯಾಗುತ್ತದೆ. ಯಾರೂ ಕೆಡವಲಿಲ್ಲ, ಎಲ್ಲರೂ ಬಳಸಿಕೊಂಡರು. ಬಳಕೆಯಲ್ಲಿ ಸವೆದು ಹೋದದ್ದಕ್ಕೆ ದೂರು ಕೊಡಲು ಠಾಣೆಯೂ ಇಲ್ಲ.

ಆಮೇಲೆ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶ ಬಂತು. ಪಕ್ಕದ ರಾಮಚಂದ್ರಾಪುರದಲ್ಲಿ ಅದಾಗಲೇ ಬಿಎಚ್‌ಇಎಲ್ ಕಾರ್ಖಾನೆ ಇತ್ತು. ಔಷಧದ ಮೂಲವಸ್ತು ತಯಾರಿಸುವ ಘಟಕಗಳು ಒಂದರ ಹಿಂದೊಂದು ನೆಲೆಯೂರಿದವು. ನಕ್ಕವಾಗು ಹಳ್ಳದ ನೀರು ಬಣ್ಣ ತಿರುಗಿತು, ರೈತರು ಸುಪ್ರೀಂ ಕೋರ್ಟಿನ ತನಕ ಹೋದರು. ಸ್ವೀಡನ್ನಿನ ಯೊಯಾಕಿಮ್ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲ್ಲಿನ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರಿನ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಸಿಕ್ಕಿತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಜಗತ್ತಿನ ವಿಜ್ಞಾನ ಪತ್ರಿಕೆಗಳಿಗೆ ಪಟಾನ್‌ಚೆರು ಎಂಬ ಹೆಸರು ಪರಿಚಯವಾದದ್ದು ಹೀಗೆ, ಚಾಲುಕ್ಯರಿಂದಲ್ಲ.

ಇನ್ನೊಂದು ದಾರಿಯಿಂದಲೂ ಪರಿಚಯವಾಗಿದೆ, ಅದನ್ನು ಹೇಳದಿದ್ದರೆ ಊರಿಗೆ ಅನ್ಯಾಯ. ಹೆದ್ದಾರಿಯ ಪಕ್ಕ ಉದ್ದಕ್ಕೂ ಬೇಲಿ ಕಾಣುತ್ತದಲ್ಲ, ಅದರೊಳಗೆ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್. ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಅದರ ಬೀಜ ಭಂಡಾರದಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ, ಕಿರುಧಾನ್ಯಗಳ ಒಂದು ಲಕ್ಷ 20 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ದೀರ್ಘಕಾಲಕ್ಕೆಂದು ಇಟ್ಟವು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಮಲಗಿರುತ್ತವೆ. ಬೇರೆ ಬೇರೆ ಖಂಡಗಳ ಹೊಲಗಳಿಂದ ಆಯ್ದು ತಂದು, ಸಂಖ್ಯೆ ಕೊಟ್ಟು, ತಂದ ಊರಿನ ಹೆಸರು ಬರೆದಿಟ್ಟ ಕಾಳುಗಳು. ಸಂಗ್ರಹಾಲಯ ಎಂದರೆ ಮತ್ತೇನು? ಈ ಸಂಗ್ರಹಾಲಯದ ವಸ್ತುಗಳನ್ನು ಮತ್ತೆ ಬಿತ್ತಬಹುದು, ಅಷ್ಟೇ ವ್ಯತ್ಯಾಸ.

ಜನ ಬಿಟ್ಟು ಹೋದ ಊರಿನ ಗತಿ ಏನಾಗುತ್ತದೆ ಎಂದು ನೋಡಬೇಕಾದರೆ ಬಂದ ದಾರಿಯಲ್ಲೇ ಸಂಗಾರೆಡ್ಡಿಗೆ ಹಿಂದಿರುಗಿ ಕೊಂಡಾಪುರಕ್ಕೆ ಹೋಗಬೇಕು. ಹೈದರಾಬಾದಿನಲ್ಲಿ ಈ ಹೆಸರು ಹೇಳುವಾಗ ಎಚ್ಚರ; ಅಲ್ಲಿನವರಿಗೆ ಕೊಂಡಾಪುರ ಎಂದರೆ ಹೈಟೆಕ್ ಸಿಟಿಯ ಪಕ್ಕದ ಗಾಜಿನ ಕಟ್ಟಡಗಳ ಬಡಾವಣೆ. ನಾನು ಹೇಳುವುದು ಸಂಗಾರೆಡ್ಡಿ ಜಿಲ್ಲೆಯ ಹಳ್ಳಿಯನ್ನು. ಊರ ಹೊರಗೆ ಹೊಲಗಳ ನಡುವೆ ಉಬ್ಬಿದ ಮಣ್ಣಿನ ದಿಬ್ಬ, ಜನರ ಬಾಯಲ್ಲಿ ಪಾಟಿಗಡ್ಡ. ಮಳೆ ಬಿದ್ದ ಮರುದಿನ ದಿಬ್ಬದ ಮೇಲೆ ಮಣಿಗಳು, ನಾಣ್ಯಗಳು ತೇಲುತ್ತವೆಂದು ಸುತ್ತಲಿನವರಿಗೆ ಮೊದಲಿನಿಂದ ಗೊತ್ತಿತ್ತು. ಪುರಾತತ್ತ್ವಜ್ಞ ಹೆನ್ರಿ ಕಸೆನ್ಸ್ ಕಳೆದ ಶತಮಾನದ ಆರಂಭದ ಹೊತ್ತಿಗೆ ಇದನ್ನು ಗುರುತಿಸಿದ್ದ. ಸರಿಯಾಗಿ ಅಗೆದದ್ದು ನಿಜಾಮ ಸರ್ಕಾರದ ಪುರಾತತ್ತ್ವ ಇಲಾಖೆ, ಗುಲಾಂ ಯಜ್ದಾನಿಯವರ ಮುಂದಾಳತ್ವದಲ್ಲಿ, 1940ರಿಂದ 42ರ ತನಕ. ಹೊರಗೆ ಮಹಾಯುದ್ಧ ನಡೆಯುತ್ತಿದ್ದಾಗ ಇಲ್ಲಿ ಶಾತವಾಹನರ ಒಂದು ಪಟ್ಟಣ ಮೆಲ್ಲಗೆ ಮೇಲೆದ್ದಿತು: ಬೌದ್ಧ ಸ್ತೂಪದ, ಚೈತ್ಯದ ತಳಪಾಯಗಳು, ಸಾಲು ಕೋಣೆಗಳು, ಕುಲುಮೆಗಳ ಗುರುತು, ನಾಣ್ಯದ ಅಚ್ಚುಗಳು.

ನಾಣ್ಯಗಳಂತೂ ಸಾವಿರಕ್ಕೂ ಮೀರಿ. ಸೀಸದವು, ತಾಮ್ರದವು, ಪೋಟಿನ್ ಎಂಬ ಮಿಶ್ರಲೋಹದವು. ಗೌತಮೀಪುತ್ರ ಶಾತಕರ್ಣಿ, ಪುಳುಮಾವಿ, ಯಜ್ಞಶ್ರೀಯರ ಹೆಸರು ಹೊತ್ತವು. ಹಾಗಾಗಿಯೇ ಇದಕ್ಕೆ ಟಂಕಸಾಲೆಯ ಊರು ಎಂಬ ಬಿರುದು. ಅವುಗಳ ನಡುವೆ ರೋಮಿನ ಅಗಸ್ಟಸ್ ಚಕ್ರವರ್ತಿಯ ಒಂದು ಬಂಗಾರದ ನಾಣ್ಯ. ಅದು ಇಲ್ಲಿಗೆ ಬಂದದ್ದು ಯಾವ ಬಂದರಿನಿಂದ, ಎಷ್ಟು ಎತ್ತಿನ ಹೇರುಗಳ ಬೆನ್ನೇರಿ, ಯಾವ ಸರಕಿಗೆ ಬದಲಾಗಿ ಎಂದು ದಿಬ್ಬದ ಮೇಲೆ ಕೂತು ಎಣಿಸುತ್ತ ಹೋದರೆ ಮಧ್ಯಾಹ್ನ ಕಳೆಯುತ್ತದೆ. ಕಡಲಿನಿಂದ ಇಷ್ಟು ದೂರದ ನೆಲದಲ್ಲಿ ಶಂಖದ ಬಳೆಯ ಚೂರುಗಳೂ ಸಿಕ್ಕಿವೆ.

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಲ್ಲೇ ಒಂದು ವಸ್ತುಸಂಗ್ರಹಾಲಯ ನಡೆಸುತ್ತದೆ. ಚಿಕ್ಕ ಕಟ್ಟಡ, ಒಪ್ಪವಾದ ತೋಟ, ಕಾವಲುಗಾರನಿಗೆ ನಾವು ಬಂದದ್ದೇ ದೊಡ್ಡ ಸಂಗತಿ. ನನಗೆ ನಾಣ್ಯಗಳಿಗಿಂತ ಇಷ್ಟವಾಗುವುದು ಅಲ್ಲಿನ ಸುಡುಮಣ್ಣಿನ ಗೊಂಬೆಗಳು. ಬಿಳಿಯ ನುಣುಪು ಜೇಡಿಯನ್ನು ಮುಂದೊಂದು ಹಿಂದೊಂದು ಅಚ್ಚಿಗೆ ಒತ್ತಿ, ಎರಡನ್ನೂ ಕೂಡಿಸಿ ಸುಟ್ಟವು; ಒಳಗೆ ಟೊಳ್ಳು. ಹೆಬ್ಬೆರಳ ಗಾತ್ರದ ಮುಖದಲ್ಲಿ ತುಟಿಯ ಕೊಂಕು, ಜಡೆಯ ಹೆಣಿಗೆ, ಕಿವಿಯ ಓಲೆ ಎಲ್ಲ ಸ್ಪಷ್ಟ. ಒಂದು ಮುಖ ನಮ್ಮ ಹಳ್ಳಿಯ ಜಾತ್ರೆಯಲ್ಲಿ ಬಳೆ ಮಾರುವವಳಂತಿದೆ, ಬೆಲೆ ಇಳಿಸಲು ಒಪ್ಪುವುದಿಲ್ಲ. ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ಅಕೀಕು, ಗಾಜು, ಸ್ಫಟಿಕದ ಮಣಿಗಳು. ಅದರಾಚೆ ತುಕ್ಕು ಹಿಡಿದ ಕುಡುಗೋಲು, ಮೊಳೆ, ಕೊಡಲಿ. ಕುಡುಗೋಲಿನ ಬಾಗು ಇಂದಿಗೂ ಬದಲಾಗಿಲ್ಲ. ಹೊರಗಿನ ಹೊಲದಲ್ಲಿ ಅದೇ ಆಕಾರ ಕೆಲಸ ಮಾಡುತ್ತಿರುತ್ತದೆ.

ಶಾತವಾಹನರೆಂದರೆ ನಮಗೆ ಸನ್ನತಿ, ಕನಗನಹಳ್ಳಿ. ಭೀಮಾ ದಂಡೆಯ ಆ ಸ್ತೂಪದ ಚಪ್ಪಡಿಗಳಲ್ಲಿ ಅಶೋಕನೂ ಇದ್ದಾನೆ, ಶಾತವಾಹನ ಅರಸರೂ ಇದ್ದಾರೆ, ಹೆಸರು ಬರೆದೇ ಕೆತ್ತಿದ್ದಾರೆ. ಕೊಂಡಾಪುರದಲ್ಲಿ ಅಂಥ ಕಲ್ಲಿನ ವೈಭವ ಇಲ್ಲ. ಇಲ್ಲಿರುವುದು ಸಂತೆಯ, ಕಮ್ಮಾರಸಾಲೆಯ, ಅಡುಗೆಮನೆಯ ಊರು. ಅದು ಇಷ್ಟು ಪೂರ್ತಿಯಾಗಿ ಉಳಿಯಲು ಕಾರಣ, ಶಾತವಾಹನರ ನಂತರ ಇಲ್ಲಿಂದ ಜನ ಹೊರಟುಹೋದದ್ದು. ಮೇಲೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಹುಲ್ಲು ಬೆಳೆಯಿತು, ದನ ಮೇಯ್ದವು, ಯಾರೂ ಪಾಯ ತೋಡಲಿಲ್ಲ. ಪಾಳುಬಿದ್ದದ್ದೇ ಅದರ ಪುಣ್ಯ. ಪೊಟ್ಟಲಕೆರೆಯ ಪಾಡು ಇದಕ್ಕೆ ತಿರುಗುಮುರುಗು: ಎಂದೂ ಪಾಳುಬೀಳದ ಕಾರಣಕ್ಕೇ ಅಲ್ಲಿ ಏನೂ ಉಳಿದಿಲ್ಲ. ಎಂಟು ಹತ್ತು ಶತಮಾನ ಕಿರಿಯ ಪಟ್ಟಣ ಹೆಚ್ಚು ಅಳಿದು, ಹಿರಿಯ ಪಟ್ಟಣ ಹೆಚ್ಚು ಉಳಿದಿದೆ.

ಪಟಾನ್‌ಚೆರುವಿನ ಕಲ್ಲುಗಳನ್ನು ನೋಡಬೇಕಾದರೆ ಹೀಗಾಗಿ ಪಟಾನ್‌ಚೆರು ಬಿಟ್ಟು ನಾಂಪಲ್ಲಿಗೆ ಹೋಗಬೇಕು. ವಿಧಾನಸಭೆಯ ಮಗ್ಗುಲಿನ ಪಬ್ಲಿಕ್ ಗಾರ್ಡನ್ಸ್ ಒಳಗೆ, ಬಾಗ್-ಎ-ಆಮ್ ಎಂದು ಹಳಬರು ಕರೆಯುವ ತೋಟದಲ್ಲಿ, ಗುಮ್ಮಟ, ಕಮಾನುಗಳ ಕಟ್ಟಡ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, 1931ರಲ್ಲಿ, ಹೈದರಾಬಾದ್ ಮ್ಯೂಸಿಯಂ ಆಗಿ ತೆರೆದದ್ದು. ಸರ್ಕಾರಗಳು ಬದಲಾದಂತೆ ಹೆಸರೂ ಬದಲಾಗುತ್ತ ಬಂದು ಈಗ ತೆಲಂಗಾಣ ರಾಜ್ಯ ಪುರಾತತ್ತ್ವ ವಸ್ತುಸಂಗ್ರಹಾಲಯ. ಅಜಂತಾ ಚಿತ್ರಗಳ ನಕಲುಗಳಿಗೇ ಒಂದು ವಿಭಾಗವಿದೆ. ಜನ ಹೆಚ್ಚು ಹೋಗುವುದು ಮಮ್ಮಿ ನೋಡಲು. ಈಜಿಪ್ಟಿನಿಂದ ಬಂದ ಒಬ್ಬ ಹೆಣ್ಣುಮಗಳ ಹೆಣ, ಆಮ್ಲಜನಕ ತಾಗದ ಗಾಜಿನ ಪೆಟ್ಟಿಗೆಯಲ್ಲಿ. ಶಾಲೆಯ ಮಕ್ಕಳ ಸಾಲು ಬಾಗಿಲಲ್ಲೇ ‘ಮಮ್ಮಿ ಎಲ್ಲಿ, ಮಮ್ಮಿ ಎಲ್ಲಿ’ ಎನ್ನುತ್ತ ಓಡುತ್ತದೆ. ದಾರಿಯ ಎರಡೂ ಬದಿ ನಿಂತ ದಖ್ಖನಿನ ದೇವರುಗಳು ಆ ಓಟ ನೋಡಿ ರೂಢಿಯಾಗಿದ್ದಾರೆ.

ಜೈನ ಶಿಲ್ಪಗಳ ಬಳಿ ಮಾತ್ರ ಗದ್ದಲ ಕಡಿಮೆ. ಇಲ್ಲಿ ಪಟಾನ್‌ಚೆರು ಎಂಬ ಊರಿನ ಹೆಸರು ಫಲಕಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. 12ನೇ ಶತಮಾನದ ತೀರ್ಥಂಕರರು. ದಖ್ಖನಿನ ಕಪ್ಪು ಕಲ್ಲು, ಕೈಯಿಟ್ಟರೆ ಜಾರುವಂತೆ ತಿಕ್ಕಿ ಹೊಳಪು ಬರಿಸಿದ್ದು. ಪಾರ್ಶ್ವನಾಥ ಕಾಯೋತ್ಸರ್ಗದಲ್ಲಿ ನೆಟ್ಟಗೆ ನಿಂತಿದ್ದಾನೆ. ತೋಳುಗಳು ಮೈಗೆ ತಾಗದೆ ಇಳಿಬಿಟ್ಟಿವೆ, ತಲೆಯ ಮೇಲೆ ಹೆಡೆಗಳ ಕೊಡೆ. ಹಾವಿನ ಸುರುಳಿ ಬೆನ್ನ ಹಿಂದೆ ಅಲೆಯಲೆಯಾಗಿ ಇಳಿಯುತ್ತದೆ. ಶಿಲ್ಪಿ ತನ್ನ ಕೈಚಳಕವನ್ನೆಲ್ಲ ಹಾವಿಗೆ, ಕೊಡೆಗೆ, ಸೇವಕರ ಆಭರಣಕ್ಕೆ ಕೊಟ್ಟು, ಜಿನನ ಮೈಯನ್ನು ಏನೂ ಇಲ್ಲದೆ ಬಿಟ್ಟಿದ್ದಾನೆ. ಆ ‘ಏನೂ ಇಲ್ಲ’ ಎಂಬುದನ್ನು ಕೆತ್ತುವುದು ಎಷ್ಟು ಕಷ್ಟ ಎಂದು ಕಲ್ಲುಕುಟಿಗರನ್ನೇ ಕೇಳಬೇಕು. ಆಭರಣದಲ್ಲಿ ಉಳಿ ತಪ್ಪಿದರೆ ಇನ್ನೊಂದು ಮಣಿ ಕೆತ್ತಿ ಮುಚ್ಚಬಹುದು, ನುಣುಪು ಎದೆಯ ಮೇಲೆ ತಪ್ಪಿದರೆ ಮುಚ್ಚಲು ಜಾಗವಿಲ್ಲ. ಶಾಸನತಜ್ಞ ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮದ ಬಗ್ಗೆ 1957ರಲ್ಲಿ ಹೊರತಂದ ಪುಸ್ತಕದಲ್ಲಿ ಈ ಊರಿನ ಜೈನ ಅವಶೇಷಗಳ ಮಾತು ಬರುತ್ತದೆ.

ಈ ಶಿಲ್ಪಗಳ ಎದುರು ನಿಂತಾಗ ನೆನಪಾಗುವುದು ವೀರಶೈವ ಪುರಾಣಗಳ ಒಂದು ಕಥೆ. ಜಯಸಿಂಹನ ರಾಣಿ ಸುಗ್ಗಲದೇವಿ ಶಿವಭಕ್ತೆ, ಮುದನೂರಿನ ನೇಕಾರ ದೇವರ ದಾಸಿಮಯ್ಯ ಅವಳ ಗುರು. ಪೊಟ್ಟಲಕೆರೆಯ ಆಸ್ಥಾನದಲ್ಲಿ ಜೈನರಿಗೂ ದಾಸಿಮಯ್ಯನಿಗೂ ವಾದ ನಡೆಯುತ್ತದೆ. ಕೊಡದಲ್ಲಿ ಹಾವು ಹಾಕಿ ಮುಂದಿಟ್ಟರೆ ಅದು ಲಿಂಗವಾಗಿ ಕೈಗೆ ಬರುತ್ತದೆ. ಜೈನರು ಸೋಲುತ್ತಾರೆ, ಅರಸ ಶೈವನಾಗುತ್ತಾನೆ, ಬಸದಿಗಳು ನೆಲಸಮವಾಗುತ್ತವೆ. ಕಥೆ ಚೆನ್ನಾಗಿದೆ, ಕೀರ್ತನಕಾರರ ಬಾಯಲ್ಲಿ ಕೇಳಿದರೆ ಇನ್ನೂ ಚೆನ್ನಾಗಿದೆ. ಆದರೆ ಜಯಸಿಂಹನ ಕಾಲದ ದೊಡ್ಡ ಜೈನ ವಿದ್ವಾಂಸ ವಾದಿರಾಜನಿಗೆ ಅದೇ ಅರಸನ ಹೆಸರಿನ ಬಿರುದಿತ್ತು, ಜಗದೇಕಮಲ್ಲವಾದಿ ಎಂದು. ಅದಕ್ಕೂ ಮಿಗಿಲಾದ ಸಾಕ್ಷಿ ಇಲ್ಲಿ ಕಣ್ಣೆದುರಿಗೇ ನಿಂತಿದೆ. ಕಥೆಯ ಪ್ರಕಾರ ಬಸದಿಗಳು ಬಿದ್ದದ್ದು 11ನೇ ಶತಮಾನದ ಮೊದಲರ್ಧದಲ್ಲಿ. ಅಲ್ಲಿಂದ ನೂರು ವರ್ಷ ಕಳೆದ ಮೇಲೂ ಅದೇ ಊರಿನಲ್ಲಿ ಯಾರೋ ದುಡ್ಡು ಸುರಿದು, ಒಳ್ಳೆಯ ಕಲ್ಲು ತರಿಸಿ, ಒಳ್ಳೆಯ ಶಿಲ್ಪಿಯನ್ನು ಕೂರಿಸಿ ಜಿನರನ್ನು ಕೆತ್ತಿಸುತ್ತಿದ್ದರು. ಬಸದಿಗಳು ಎಂದಾದರೂ ಬಿದ್ದಿರಬಹುದು, ಬೀಳಿಸಿಯೂ ಇರಬಹುದು. ಜಯಸಿಂಹನ ತಲೆಗೆ ಅದನ್ನು ಕಟ್ಟಲು ಈ ಪಾರ್ಶ್ವನಾಥ ಬಿಡುವುದಿಲ್ಲ.

ಕಲ್ಲು ಊರು ಬಿಟ್ಟು ಹೋಗುವುದು ಇಂದಿನದಲ್ಲ. ಜಯಸಿಂಹನ ಮಗನ ಕಾಲದಲ್ಲಿ ರಾಜಾಧಿರಾಜ ಚೋಳ ಕಲ್ಯಾಣವನ್ನು ಸುಟ್ಟು ಅಲ್ಲಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದ. ಪೀಠದ ಮೇಲೆ ಆ ಮಾತನ್ನು ತಮಿಳಿನಲ್ಲಿ ಕೊರೆಸಿದ. ದಾರಾಸುರದ ದೇಗುಲದಲ್ಲಿ ಬಹುಕಾಲ ಇದ್ದ ಅದು ಈಗ ತಂಜಾವೂರಿನ ಅರಮನೆಯ ಕಲಾಶಾಲೆಯಲ್ಲಿದೆ. ಬಸವಕಲ್ಯಾಣದಲ್ಲಿ ಉಳಿದಿದ್ದರೆ ಅದು ಇಂದು ಯಾವ ಕೋಟೆಗೋಡೆಯ ಒಳಗೆ ಹುದುಗಿರುತ್ತಿತ್ತೋ! ಗೆದ್ದವನ ಗರ್ವ ಅದನ್ನು ಕಾಪಾಡಿತು. ಪಟಾನ್‌ಚೆರುವಿನ ಜಿನರನ್ನು ಕಾಪಾಡಿದ್ದು ಒಂದು ಇಲಾಖೆಯ ಗುಮಾಸ್ತಿಕೆ: ರಿಜಿಸ್ಟರಿನಲ್ಲಿ ಒಂದು ಸಂಖ್ಯೆ, ಸಿಕ್ಕ ಊರಿನ ಹೆಸರು, ಅಂದಾಜು ಕಾಲ. ಮೂರ್ತಿಯನ್ನು ನೆಲದಿಂದ ಕಿತ್ತರೆ ಅರ್ಧ ಅರ್ಥ ಹೋಯಿತು ಎನ್ನುವವರಿದ್ದಾರೆ. ನಾನೂ ಎಷ್ಟೋ ಕಡೆ ಹಾಗೆಯೇ ಅಂದುಕೊಂಡಿದ್ದೇನೆ. ಪಟಾನ್‌ಚೆರುವಿನ ಮಟ್ಟಿಗೆ ಮಾತ್ರ ಆ ವಾದಕ್ಕೆ ಬಲವಿಲ್ಲ. ಅಲ್ಲೇ ಬಿಟ್ಟಿದ್ದರೆ ವಾಚ್‌ಮನ್ ಕಾಕಾ ಹೇಳಿದಂತೆ ಅವೂ ಪಾಯಕ್ಕೇ ಹೋಗುತ್ತಿದ್ದವು.

ಬೀದರ, ಕಲಬುರಗಿಯಿಂದ ಆಸ್ಪತ್ರೆಗೆ, ಮದುವೆ ಜವಳಿಗೆ, ವೀಸಾ ಸಂದರ್ಶನಕ್ಕೆ ಹೈದರಾಬಾದಿಗೆ ಹೋಗುವ ನಮ್ಮವರು ಲೆಕ್ಕವಿಲ್ಲದಷ್ಟು. ಕೆಲಸ ಮುಗಿದು ರೈಲಿಗೆ ಎರಡು ತಾಸು ಉಳಿದಿದ್ದರೆ ನಾಂಪಲ್ಲಿ ನಿಲ್ದಾಣದಿಂದ ಈ ಮ್ಯೂಸಿಯಂ ನಡೆದು ಹೋಗುವಷ್ಟು ಹತ್ತಿರ. ಮಕ್ಕಳಿಗೆ ಮಮ್ಮಿ ತೋರಿಸಿ, ಅವರೇನೂ ಬಿಡುವುದಿಲ್ಲ. ಆಮೇಲೆ ಕಪ್ಪು ಕಲ್ಲಿನವರ ಕಡೆಗೆ ಬನ್ನಿ. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ರಜೆ, ಕೊಂಡಾಪುರದಲ್ಲೂ ಅಷ್ಟೇ.